ಜಪಾನಿ ಆರ್‌ಪಿಜಿಗಳಲ್ಲಿ ಲೆವೆಲ್ ಪದ್ಧತಿ

ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿ ಎಂಬ ವಿಡಿಯೊ ಆಟಗಳಲ್ಲಿ ಒಂದು ಪಾತ್ರ ಎಷ್ಟು ಬಲಿತಿದೆ ಎಂಬುದನ್ನು ತೋರಿಸುವ ಅಂಕಿಯೇ ಲೆವೆಲ್. ಶತ್ರುವನ್ನು ಸೋಲಿಸಿದಾಗಲೆಲ್ಲ ಪಾತ್ರದ ಖಾತೆಗೆ ಒಂದಷ್ಟು ಅನುಭವಾಂಕ ಸೇರುತ್ತದೆ. ಗೊತ್ತುಮಾಡಿದ ಮೊತ್ತ ತುಂಬಿದ ಕೂಡಲೇ ಲೆವೆಲ್ ಒಂದು ಏರುತ್ತದೆ. ಅದರ ಜೊತೆಗೆ ಪ್ರಾಣಶಕ್ತಿ, ಹೊಡೆತದ ಬಲ, ಪೆಟ್ಟು ತಾಳುವ ಬಲ, ಚುರುಕುತನ ಎಲ್ಲವೂ ಏರುತ್ತವೆ, ಕೆಲವೊಮ್ಮೆ ಹೊಸ ಮಂತ್ರವೂ ಸಿಗುತ್ತದೆ. ಈ ಲೆಕ್ಕ ಹುಟ್ಟಿದ್ದು ಅಮೆರಿಕದಲ್ಲಿ. ಜಪಾನಿಗೆ ಬಂದ ಮೇಲೆ ಅದಕ್ಕೆ ಬೇರೆಯೇ ಕೆಲಸ ಸಿಕ್ಕಿತು: ಕೈಚಳಕ ಇಲ್ಲದವರೂ ಹೊತ್ತು ಕೊಟ್ಟರೆ ಆಟ ಮುಗಿಸಬಹುದು ಎಂಬ ಭರವಸೆಯನ್ನು ಆಟಗಾರರಿಗೆ ಕೊಡುವ ಕೆಲಸ. ಆ ಭರವಸೆ ಉಳಿಯಬೇಕು, ಆದರೆ ಆಟ ಬರೀ ಕೂಲಿಯಾಗಬಾರದು. 1986ರಿಂದ ಈಚಿನ ಪ್ರಯೋಗಗಳಲ್ಲಿ ಬಹುಪಾಲು ಈ ಎರಡರ ನಡುವಿನ ಜಗ್ಗಾಟವೇ.

ಮೂಲ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕಾಗದದ ಮೇಲೆ ಲೆಕ್ಕ ಬರೆದು ಆಡುವ ಆಟ. ಅನುಭವಾಂಕ, ಲೆವೆಲ್ ಎರಡೂ ಅದರಲ್ಲೇ ಇದ್ದವು. ರಾಕ್ಷಸರನ್ನು ಕೊಂದದ್ದಕ್ಕಿಂತ ನಿಧಿಯನ್ನು ಹೊತ್ತು ತಂದದ್ದಕ್ಕೇ ಅಲ್ಲಿ ಹೆಚ್ಚು ಅಂಕ ಸಿಗುತ್ತಿತ್ತು. ಈ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ ಆಟಗಳಲ್ಲಿ ‘ವಿಝರ್ಡ್ರಿ’ ಮತ್ತು ‘ಅಲ್ಟಿಮಾ’ ಮುಖ್ಯವಾದವು. ಎರಡೂ 1981ರವು, ಎರಡೂ ಆ್ಯಪಲ್ 2 ಯಂತ್ರಕ್ಕೆ ಬಂದವು. ವಿಝರ್ಡ್ರಿ ಬಲು ಕಠಿಣ. ಛತ್ರದಲ್ಲಿ ಮಲಗಿ ಎದ್ದರೆ ಮಾತ್ರ ಲೆವೆಲ್ ಏರುತ್ತಿತ್ತು, ಮಲಗಿದಷ್ಟೂ ಪಾತ್ರಕ್ಕೆ ವಯಸ್ಸಾಗುತ್ತಿತ್ತು. ಲೆವೆಲ್ ಏರುವಾಗ ಬಲ, ಚುರುಕಿನಂಥ ಗುಣಾಂಕಗಳು ಕೆಲವೊಮ್ಮೆ ಇಳಿದೂ ಬಿಡುತ್ತಿದ್ದವು. ಸತ್ತವನನ್ನು ಬದುಕಿಸಲು ಹೋಗಿ ಕೈತಪ್ಪಿದರೆ ಅವನು ಬೂದಿ, ಇನ್ನೊಮ್ಮೆ ತಪ್ಪಿದರೆ ಹೆಸರೇ ಅಳಿಸಿಹೋಗುತ್ತಿತ್ತು.

ಡಚ್ ಮೂಲದ ಹೆಂಕ್ ರಾಜರ್ಸ್ ಜಪಾನಿನಲ್ಲಿ ನೆಲೆಸಿ 1984ರಲ್ಲಿ ‘ದಿ ಬ್ಲ್ಯಾಕ್ ಆನಿಕ್ಸ್’ ಆಟವನ್ನು ಹೊರತಂದಾಗ ಅಲ್ಲಿಯ ಪತ್ರಿಕೆಗಳವರಿಗೂ ಈ ಬಗೆಯ ಆಟ ಹೊಸದು. ಆಡುವುದು ಹೇಗೆಂದು ಅವರಿಗೂ ಕೂರಿಸಿ ಹೇಳಿಕೊಡಬೇಕಾಯಿತು. ಅದೇ ವರ್ಷ ‘ಡ್ರ್ಯಾಗನ್ ಸ್ಲೇಯರ್’, ‘ಹೈಡ್‌ಲೈಡ್’ ಬಂದವು. 1985ರಲ್ಲಿ ಫಾಲ್ಕಾಮ್ ಕಂಪನಿಯ ‘ಝನಾಡು’ ಬಂತು. ಝನಾಡುವಿನಲ್ಲಿ ಶತ್ರುಗಳ ಸಂಖ್ಯೆಗೇ ಮಿತಿಯಿತ್ತು. ಕೊಲ್ಲಲು ಯಾರೂ ಉಳಿಯದಿದ್ದರೆ ಅನುಭವಾಂಕದ ಬಾವಿಯೇ ಬತ್ತಿದಂತೆ. ಯಾರನ್ನು ಯಾವ ಆಯುಧದಿಂದ ಕೊಲ್ಲಬೇಕೆಂದು ಮೊದಲೇ ಯೋಚಿಸಿ ಇಳಿಯಬೇಕಿತ್ತು. ಮುಂದಿನ ಜಪಾನಿ ಆಟಗಳು ಹಿಡಿದ ದಾರಿ ಇದಕ್ಕೆ ತದ್ವಿರುದ್ಧ.

ಏಳು ಸ್ಲೈಮ್‌ಗಳು

1986ರ ಮೇ 27ರಂದು ಎನಿಕ್ಸ್ ಸಂಸ್ಥೆ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ‘ಡ್ರ್ಯಾಗನ್ ಕ್ವೆಸ್ಟ್’ ಬಿಡುಗಡೆ ಮಾಡಿತು. ಕಥೆ ಮತ್ತು ವಿನ್ಯಾಸ ಯೂಜಿ ಹೊರಿಯವರದು, ಚಿತ್ರ ಅಕಿರಾ ತೊರಿಯಾಮಾ ಅವರದು, ಸಂಗೀತ ಕೊಯಿಚಿ ಸುಗಿಯಾಮಾ ಅವರದು. ಹೊರಿ ವಿಝರ್ಡ್ರಿಯನ್ನೂ ಅಲ್ಟಿಮಾವನ್ನೂ ಆಡಿ ಮೆಚ್ಚಿದವರು. ಆದರೆ ಅವರ ಎದುರಿಗಿದ್ದವರು ಕಂಪ್ಯೂಟರ್ ಹವ್ಯಾಸಿಗಳಲ್ಲ, ಟಿವಿ ಮುಂದೆ ಕೂತು ಮಾರಿಯೊ ಆಡುತ್ತಿದ್ದ ಮಕ್ಕಳು. ಲೆವೆಲ್ ಎಂದರೇನೆಂದು ಆ ಮಕ್ಕಳಿಗೆ ಯಾವ ಪಾಠವೂ ಇಲ್ಲದೆ ತಿಳಿಯಬೇಕಿತ್ತು.

ಆಟದ ಮೊದಲ ಹತ್ತು ನಿಮಿಷವೇ ಆ ಪಾಠ. ಕೋಟೆಯಿಂದ ಹೊರಬಿದ್ದ ನಾಯಕ ಒಬ್ಬಂಟಿ, ಒಂದನೇ ಲೆವೆಲ್‌ನವನು. ಹುಲ್ಲುಗಾವಲಲ್ಲಿ ಎದುರಾಗುವ ನೀಲಿ ಲೋಳೆಯ ಮುದ್ದೆ, ಸ್ಲೈಮ್, ಸತ್ತರೆ ಕೊಡುವುದು 1 ಅನುಭವಾಂಕ. ಎರಡನೇ ಲೆವೆಲ್‌ಗೆ ಬೇಕಾದದ್ದು 7. ಏಳು ಸ್ಲೈಮ್ ಸತ್ತ ಕೂಡಲೇ ಪುಟ್ಟದೊಂದು ತುತ್ತೂರಿ ಮೊಳಗುತ್ತದೆ, ಬಲ ಇಷ್ಟು ಏರಿತು, ಚುರುಕು ಇಷ್ಟು ಏರಿತು ಎಂದು ಪರದೆಯ ಮೇಲೆ ಸಾಲುಗಳು ಮೂಡುತ್ತವೆ. 23 ಆದರೆ ಮೂರನೇ ಲೆವೆಲ್, ಜೊತೆಗೆ ಗಾಯ ಮಾಯಿಸುವ ಮಂತ್ರ. 47 ಆದರೆ ನಾಲ್ಕನೆಯದು, ಜೊತೆಗೆ ಬೆಂಕಿಯ ಮಂತ್ರ. ನಿನ್ನೆ ನಾಲ್ಕೈದು ಏಟು ತಿನ್ನುತ್ತಿದ್ದ ಶತ್ರು ಇಂದು ಎರಡೇ ಏಟಿಗೆ ಬೀಳುತ್ತಾನೆ. ಸೇತುವೆ ದಾಟಿದರೆ ಶತ್ರುಗಳು ಒಮ್ಮೆಲೇ ಬಲವಾಗುವುದರಿಂದ, ಎಲ್ಲಿಯವರೆಗೆ ಹೋಗಬಹುದು ಎಂಬ ಗಡಿಯನ್ನು ನಕ್ಷೆಯೇ ಹೇಳಿಕೊಡುತ್ತದೆ. ಮುಂದಿನ ಲೆವೆಲ್‌ಗೆ ಇನ್ನೆಷ್ಟು ಅಂಕ ಬೇಕೆಂದು ಕೇಳಿದರೆ ಲೆಕ್ಕ ಒಪ್ಪಿಸುವವನು ಸಿಂಹಾಸನದ ಮೇಲಿನ ರಾಜನೇ.

ವಿಝರ್ಡ್ರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಸಾವಿನ ವಿಷಯದಲ್ಲಿದೆ. ನಾಯಕ ಸತ್ತರೆ ರಾಜನ ಮುಂದೆ ಎಚ್ಚರವಾಗುತ್ತಾನೆ, ಕೈಯಲ್ಲಿದ್ದ ದುಡ್ಡಿನಲ್ಲಿ ಅರ್ಧ ಹೋಗಿರುತ್ತದೆ, ಅನುಭವಾಂಕ ಮಾತ್ರ ಒಂದೂ ಹೋಗುವುದಿಲ್ಲ. ಸೋತ ಹೊತ್ತೂ ವ್ಯರ್ಥವಾಗದ ಈ ಏರ್ಪಾಡು ಜಪಾನಿ ಆರ್‌ಪಿಜಿಯ ಸ್ವಭಾವವನ್ನೇ ನಿರ್ಧರಿಸಿತು ಎಂದರೆ ತಪ್ಪಾಗದು.

ಗರಿಷ್ಠ ಲೆವೆಲ್ 30, ಅದಕ್ಕೆ ಬೇಕಾದ ಅನುಭವಾಂಕ 65,535. ಈ ವಿಚಿತ್ರ ಅಂಕಿ ಯಾರೂ ಕೂತು ಆರಿಸಿದ್ದಲ್ಲ. ಎರಡು ಬೈಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದು. ಇಡೀ ಆಟ 64 ಕಿಲೊಬೈಟ್ ಕಾರ್ಟ್ರಿಜ್‌ನಲ್ಲಿ ಅಡಕವಾಗಿತ್ತು. ಆಟವನ್ನು ಉಳಿಸಿಡಲು ಬ್ಯಾಟರಿ ಕೂಡ ಇರಲಿಲ್ಲ. ರಾಜ ಹೇಳುವ 20 ಅಕ್ಷರಗಳ ‘ಪುನರುಜ್ಜೀವನ ಮಂತ್ರ’ವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮರುದಿನ ಅಕ್ಷರ ತಪ್ಪದೆ ಒತ್ತಬೇಕಿತ್ತು. ಆ ಮಂತ್ರದಲ್ಲಿ ಲೆವೆಲ್ ಇರುವುದಿಲ್ಲ, ಅನುಭವಾಂಕವಷ್ಟೇ ಇರುತ್ತದೆ. ಅದರಿಂದ ಲೆವೆಲ್ಲನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ನಾಯಕನಿಗೆ ಇಟ್ಟ ಹೆಸರಿನ ಅಕ್ಷರಗಳ ಮೇಲೆ ಅವನ ಬೆಳವಣಿಗೆಯ ಬಗೆ ನಿಂತಿರುವುದೂ ಇದೇ ಜಿಪುಣತನದ ಫಲ. ಹೇಗೂ ಉಳಿಸಿಡಬೇಕಾದ ಹೆಸರೇ ಇನ್ನೊಂದು ಕೆಲಸಕ್ಕೂ ಬಂತು.

ಮೆಟಲ್ ಸ್ಲೈಮ್ ಎಂಬ ಪ್ರಾಣಿಯನ್ನೂ ಇಲ್ಲೇ ಹೇಳಬೇಕು. ಅದರ ಪ್ರಾಣಶಕ್ತಿ ಬೆರಳೆಣಿಕೆಯಷ್ಟೇ, ಮೈ ಮಾತ್ರ ಕಬ್ಬಿಣ. ಹೊಡೆತ ತಾಗುವುದೇ ಅಪರೂಪ, ತಾಗುವಷ್ಟರಲ್ಲಿ ಓಡಿಹೋಗುತ್ತದೆ. ಕೊಂದರೆ 115 ಅಂಕ. ಬೇಸರದ ದುಡಿಮೆಯ ನಡುವೆ ಲಾಟರಿ ಚೀಟಿಯೊಂದನ್ನು ಇಟ್ಟಂತೆ ಹೊರಿ ಇದನ್ನು ಇಟ್ಟರು, ಈ ಸರಣಿಯ ಆಟಗಾರರು ಇವತ್ತಿಗೂ ಅದರ ಬೆನ್ನು ಬಿಟ್ಟಿಲ್ಲ.

1988ರ ಫೆಬ್ರುವರಿಯಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ 3’ ಲೆವೆಲ್ಲಿಗೆ ವೃತ್ತಿಯನ್ನು ಜೋಡಿಸಿತು. ಯೋಧ, ಪುರೋಹಿತ, ಮಂತ್ರವಾದಿ, ವ್ಯಾಪಾರಿ ಎಂದು ಆರಿಸಿ ತಂಡ ಕಟ್ಟಬೇಕು. 20ನೇ ಲೆವೆಲ್ ಮುಟ್ಟಿದವರು ಧರ್ಮ ಮಂದಿರಕ್ಕೆ ಹೋಗಿ ವೃತ್ತಿ ಬದಲಿಸಬಹುದು. ಆಗ ಲೆವೆಲ್ ಒಂದಕ್ಕೆ ಇಳಿಯುತ್ತದೆ, ಗುಣಾಂಕಗಳು ಅರ್ಧವಾಗುತ್ತವೆ, ಕಲಿತ ಮಂತ್ರಗಳು ಮಾತ್ರ ಉಳಿಯುತ್ತವೆ. ಪುರೋಹಿತ, ಮಂತ್ರವಾದಿ ಇಬ್ಬರ ಮಂತ್ರಗಳನ್ನೂ ಬಲ್ಲ ಜ್ಞಾನಿಯಾಗಲು ಅಪರೂಪದ ಗ್ರಂಥವೊಂದು ಬೇಕು. ಅದಿಲ್ಲದೆ ಜ್ಞಾನಿಯಾಗಬಲ್ಲವನು ಒಬ್ಬನೇ: ಯುದ್ಧದ ನಡುವೆ ಕೋಡಂಗಿ ಆಟ ಆಡಿಕೊಂಡು ತಂಡದ ಪ್ರಾಣ ತಿನ್ನುವ ವಿದೂಷಕ. ಅವನನ್ನು 20ನೇ ಲೆವೆಲ್‌ವರೆಗೆ ಸಹಿಸಿಕೊಂಡವರಿಗೆ ಅದೇ ಬಹುಮಾನ.

ಅನುಭವಾಂಕ ಬೇಡ ಎಂದವರು

ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ’ 1987ರ ಡಿಸೆಂಬರಿನಲ್ಲಿ ಬಂತು. ಹಿರೊನೊಬು ಸಕಾಗುಚಿ ನಿರ್ದೇಶಿಸಿದ ಈ ಆಟದ ಲೆಕ್ಕ ಹೆಚ್ಚುಕಡಿಮೆ ಹಳೆಯದೇ, ಗರಿಷ್ಠ ಲೆವೆಲ್ 50. ಮರುವರ್ಷದ ‘ಫೈನಲ್ ಫ್ಯಾಂಟಸಿ 2’ರಲ್ಲಿ ವಿನ್ಯಾಸಕಾರ ಅಕಿತೊಷಿ ಕವಾಜು ಅನುಭವಾಂಕವನ್ನೇ ಕಿತ್ತುಹಾಕಿದರು. ಕತ್ತಿ ಬೀಸಿದವನ ಕತ್ತಿವಿದ್ಯೆ ಬೆಳೆಯುತ್ತದೆ, ಮಂತ್ರ ಹಾಕಿದವನ ಮಂತ್ರ ಬಲಿಯುತ್ತದೆ, ಪೆಟ್ಟು ತಿಂದವನ ಪ್ರಾಣಶಕ್ತಿ ಹೆಚ್ಚುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಶತ್ರುವಿನ ಕೈಯಲ್ಲೇ ಪೆಟ್ಟು ತಿನ್ನಬೇಕೆಂದು ನಿಯಮ ಹೇಳಲಿಲ್ಲ. ಆಟಗಾರರು ಬಡಪಾಯಿ ಶತ್ರುವೊಂದನ್ನು ಬದುಕಲು ಬಿಟ್ಟು, ತಮ್ಮ ತಂಡದವರನ್ನೇ ಒಬ್ಬರಿಂದೊಬ್ಬರಿಗೆ ಹೊಡೆಸಿ ಪ್ರಾಣಶಕ್ತಿ ಬೆಳೆಸಿಕೊಂಡರು. ಫ್ಯಾಮಿಕಾಮ್ ಆವೃತ್ತಿಯಲ್ಲಿ ಇನ್ನೂ ಒಂದು ತೂತು ಇತ್ತು: ಮಂತ್ರವನ್ನು ಆರಿಸಿ ಮತ್ತೆ ರದ್ದು ಮಾಡಿದರೂ ಅದನ್ನು ಬಳಸಿದಂತೆ ಲೆಕ್ಕವಾಗುತ್ತಿತ್ತು. ಪ್ರಪಂಚ ಉಳಿಸಲು ಹೊರಟ ವೀರರು ಕಾಡಿನ ನಡುವೆ ನಿಂತು ಪರಸ್ಪರ ಬಡಿದಾಡುವ ದೃಶ್ಯ ವಿನ್ಯಾಸಕಾರರ ಕನಸಿನಲ್ಲಿ ಇದ್ದಿರಲಾರದು.

ಕವಾಜು ಹಟ ಬಿಡಲಿಲ್ಲ. 1989ರಲ್ಲಿ ನಿಂಟೆಂಡೊದ ಕೈಯಂತ್ರ ಗೇಮ್ ಬಾಯ್‌ಗೆ ಮಾಡಿದ ‘ಸಾಗಾ’ದಲ್ಲಿ ಮನುಷ್ಯರ ಪ್ರಾಣಶಕ್ತಿಯನ್ನೂ ಬಲವನ್ನೂ ಅಂಗಡಿಯಲ್ಲಿ ಮದ್ದು ಕೊಂಡು ಬೆಳೆಸಬೇಕು, ಅತಿಮಾನುಷ ಶಕ್ತಿಯವರು ಯುದ್ಧದ ನಂತರ ಅದೃಷ್ಟವಿದ್ದಂತೆ ಬೆಳೆಯುತ್ತಾರೆ, ರಾಕ್ಷಸರು ಸತ್ತ ಶತ್ರುವಿನ ಮಾಂಸ ತಿಂದು ಬೇರೆ ರಾಕ್ಷಸರಾಗುತ್ತಾರೆ. ಒಂದೇ ತಂಡದಲ್ಲಿ ಮೂರು ಬಗೆಯ ಬೆಳವಣಿಗೆ. ಸ್ಕ್ವೇರ್‌ಗೆ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿಸಿದ ಮೊದಲ ಆಟ ಇದೇ. 1993ರ ‘ರೊಮಾನ್ಸಿಂಗ್ ಸಾಗಾ 2’ರಲ್ಲಿ ಯುದ್ಧದ ನಡುವೆ ಪಾತ್ರದ ತಲೆಯ ಮೇಲೆ ಬಲ್ಬ್ ಹೊತ್ತಿಕೊಂಡರೆ ಹೊಸ ಪಟ್ಟು ಹೊಳೆಯಿತೆಂದು ಅರ್ಥ. ಗಳಿಸಿದ ವಿದ್ಯೆ ಒಬ್ಬ ಚಕ್ರವರ್ತಿಯಿಂದ ಮುಂದಿನವನಿಗೆ ಇಳಿಯುತ್ತದೆ.

ಕಥೆ ಹೇಳುವ ಅಂಕಿ

ಪಾಶ್ಚಾತ್ಯ ಆರ್‌ಪಿಜಿಗಳಲ್ಲಿ ಲೆವೆಲ್ ಏರಿದಾಗ ಸಿಕ್ಕ ಅಂಕಗಳನ್ನು ಎಲ್ಲಿ ಹಾಕಬೇಕೆಂದು ಸಾಮಾನ್ಯವಾಗಿ ಆಟಗಾರನೇ ತೀರ್ಮಾನಿಸುತ್ತಾನೆ. ಜಪಾನಿ ಆಟಗಳಲ್ಲಿ ಪಾತ್ರ ಹೇಗೆ ಬೆಳೆಯಬೇಕೆಂಬುದನ್ನು ಹೆಚ್ಚಾಗಿ ಕಥೆಗಾರ ಮೊದಲೇ ಬರೆದಿಟ್ಟಿರುತ್ತಾನೆ. ಇದನ್ನು ಸ್ವಾತಂತ್ರ್ಯದ ಕೊರತೆ ಎಂದು ದೂರುವವರಿದ್ದಾರೆ. ಆ ಕೊರತೆಯಿಂದಲೇ ಹುಟ್ಟಿದ ಒಳ್ಳೆಯ ಸಂಗತಿಗಳೂ ಇವೆ.

1991ರ ‘ಫೈನಲ್ ಫ್ಯಾಂಟಸಿ 4’ರಲ್ಲಿ ಕರಾಳ ಯೋಧ ಸೆಸಿಲ್ ತನ್ನ ಹಳೆಯ ಬಾಳನ್ನು ಬಿಟ್ಟು ಪರೀಕ್ಷೆಯ ಬೆಟ್ಟದ ಮೇಲೆ ಪಾಲಡಿನ್, ಅಂದರೆ ಪವಿತ್ರ ಯೋಧ, ಆಗುತ್ತಾನೆ. ಆ ಕ್ಷಣ ಅವನ ಲೆವೆಲ್ ಒಂದಕ್ಕೆ ಬೀಳುತ್ತದೆ. ಪಾಪ ತೊಳೆದುಕೊಂಡು ಮೊದಲಿನಿಂದ ಶುರು ಮಾಡುವುದು ಹೇಗಿರುತ್ತದೆಂದು ಆಟಗಾರ ಮುಂದಿನ ಕೆಲವು ಯುದ್ಧಗಳಲ್ಲಿ ಕೈಯಾರೆ ಅನುಭವಿಸುತ್ತಾನೆ. ಅದೇ ಆಟದ ಮುದುಕ ಋಷಿ ಟೆಲ್ಲಾ ಇನ್ನೂ ಸೂಕ್ಷ್ಮವಾದ ಉದಾಹರಣೆ. ಅವನ ಮಂತ್ರಶಕ್ತಿ 90, ಎಷ್ಟು ಲೆವೆಲ್ ಏರಿದರೂ ಅದು 90ರಲ್ಲೇ ನಿಲ್ಲುತ್ತದೆ. ಮಗಳ ಸಾವಿಗೆ ಸೇಡು ತೀರಿಸಿಕೊಳ್ಳಲು ಅವನು ಪಡೆಯುವ ಉಲ್ಕಾ ಮಂತ್ರಕ್ಕೆ ಬೇಕಾದದ್ದು 99. ಪಟ್ಟಿಯಲ್ಲಿ ಆ ಮಂತ್ರ ಕಾಣುತ್ತದೆ, ಹಾಕಲು ಬರುವುದಿಲ್ಲ. ಕೊನೆಗೆ ಅದನ್ನು ಪ್ರಯೋಗಿಸಿದಾಗ ಕೊರತೆಯಾದ ಒಂಬತ್ತಕ್ಕೆ ಅವನು ಪ್ರಾಣವನ್ನೇ ತೆರುತ್ತಾನೆ. ಮಾತಿನಲ್ಲಿ ಹೇಳಿದ್ದರೆ ಮಾಮೂಲಿಯಾಗುತ್ತಿದ್ದ ಈ ದೃಶ್ಯದ ಸಿದ್ಧತೆಯನ್ನೆಲ್ಲ ಎರಡು ಅಂಕಿಗಳೇ ಮಾಡಿಮುಗಿಸಿರುತ್ತವೆ.

‘ಡ್ರ್ಯಾಗನ್ ಕ್ವೆಸ್ಟ್ 5’ (1992) ಇದನ್ನೇ ಮೆಲುವಾಗಿ ಮಾಡುತ್ತದೆ. ಒಂದನೇ ಲೆವೆಲ್‌ನ ಪುಟ್ಟ ಹುಡುಗ ಅಪ್ಪನ ಜೊತೆ ನಡೆಯುವಾಗ ಶತ್ರುಗಳನ್ನು ಅಪ್ಪನೇ ಹೊಡೆದುರುಳಿಸುತ್ತಾನೆ, ಹುಡುಗನಿಗೆ ಗಾಯವಾದರೆ ಕೇಳದೆಯೇ ಮಂತ್ರ ಹಾಕಿ ಮಾಯಿಸುತ್ತಾನೆ.

ಪೋಕೆಮಾನ್‌ನ ಗಣಿತ

ಕರ್ನಾಟಕದಲ್ಲೂ ಅನೇಕರಿಗೆ ಈ ಬಗೆಯ ಆಟದ ಮೊದಲ ಪರಿಚಯ ಆದದ್ದು ಪೋಕೆಮಾನ್‌ನಿಂದ. ಮೊದಲು ಟಿವಿಯ ಕಾರ್ಟೂನು, ಆಮೇಲೆ ಕಂಪ್ಯೂಟರ್, ಮೊಬೈಲ್‌ಗಳ ಎಮ್ಯುಲೇಟರು. 1996ರ ಫೆಬ್ರುವರಿ 27ರಂದು ಗೇಮ್ ಬಾಯ್‌ಗೆ ‘ರೆಡ್’ ಮತ್ತು ‘ಗ್ರೀನ್’ ಎಂಬ ಮೊದಲ ಪೋಕೆಮಾನ್ ಆಟಗಳು ಬಂದಾಗ ಅವುಗಳಲ್ಲಿ ಹಿಡಿದು ಬೆಳೆಸುವ ಪ್ರತಿ ಪ್ರಾಣಿಗೂ ಗರಿಷ್ಠ ಲೆವೆಲ್ 100. ಬೆಳವಣಿಗೆಯ ವೇಗದಲ್ಲಿ ನಾಲ್ಕು ಬಗೆ. ಪಿಕಾಚು ಸೇರಿರುವ ಬಗೆಯ ಸೂತ್ರ ಸರಳ: ಲೆವೆಲ್‌ನ ಘನವೇ ಒಟ್ಟು ಅನುಭವಾಂಕ. ಹತ್ತನೇ ಲೆವೆಲ್‌ಗೆ 1,000, ಐವತ್ತಕ್ಕೆ 1,25,000, ನೂರಕ್ಕೆ 10,00,000. ಲೆವೆಲ್‌ನಲ್ಲಿ ಅರ್ಧ ದಾರಿ ಬಂದವರು ಅನುಭವಾಂಕದಲ್ಲಿ ಎಂಟನೇ ಒಂದು ಭಾಗ ಮಾತ್ರ ಬಂದಿರುತ್ತಾರೆ. ಆರಂಭದಲ್ಲಿ ಬೇಗ ಬೇಗ ಬಹುಮಾನ, ಆಮೇಲೆ ದೂರದೂರಕ್ಕೆ ಎಂಬ ಈ ಬಾಗಿದ ಗೆರೆ ಬಹುಪಾಲು ಆರ್‌ಪಿಜಿಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ.

ಚಾರ್ಮಾಂಡರ್ ಇರುವ ಬಗೆಯ ಸೂತ್ರ ತುಸು ಜಟಿಲ. ಅದರಲ್ಲಿ ಒಂದನೇ ಲೆವೆಲ್‌ನ ಬೆಲೆ ಹಾಕಿದರೆ ಬರುವ ಉತ್ತರ ಸೊನ್ನೆಗಿಂತ ಸುಮಾರು 54 ಕಡಿಮೆ. ಯಂತ್ರಕ್ಕೆ ಋಣಸಂಖ್ಯೆ ಗೊತ್ತಿಲ್ಲದ್ದರಿಂದ ಅದನ್ನು ಒಂದೂಮುಕ್ಕಾಲು ಕೋಟಿಯ ಹತ್ತಿರದ ಅಂಕಿ ಎಂದು ಓದಿಕೊಳ್ಳುತ್ತದೆ. ಆಟದ ದೋಷವೊಂದನ್ನು ಬಳಸಿ ಒಂದನೇ ಲೆವೆಲ್‌ನ ಅಂಥ ಪ್ರಾಣಿಯನ್ನು ಪಡೆದು, 54ಕ್ಕಿಂತ ಕಡಿಮೆ ಅಂಕ ಗಳಿಸಿಕೊಟ್ಟರೆ ಅದು ಒಂದೇ ನೆಗೆತಕ್ಕೆ ನೂರನೇ ಲೆವೆಲ್ ಮುಟ್ಟುತ್ತದೆ.

ಲೆವೆಲ್ಲಿಗೆ ಬರೀ ಅಂಕಿಗಿಂತ ಹೆಚ್ಚಿನ ಅರ್ಥವನ್ನೂ ಪೋಕೆಮಾನ್ ಕೊಟ್ಟಿತು. ಕೈಲಾಗದ ಮೀನು ಮ್ಯಾಜಿಕಾರ್ಪ್ 20ನೇ ಲೆವೆಲ್‌ನಲ್ಲಿ ಭಯಂಕರ ಗ್ಯಾರಾಡೋಸ್ ಆಗುತ್ತದೆ. ಗೆಳೆಯನಿಂದ ಬದಲಾಯಿಸಿಕೊಂಡ ಪ್ರಾಣಿ ಒಂದೂವರೆ ಪಟ್ಟು ಬೇಗ ಬೆಳೆಯುತ್ತದೆ. ಆದರೆ ಆಟದಲ್ಲಿ ಗೆದ್ದು ಪಡೆಯುವ ತಕ್ಕ ಬ್ಯಾಡ್ಜ್ ಇಲ್ಲದೆ ಅದರ ಲೆವೆಲ್ ಏರಿದರೆ ಅದು ಹೇಳಿದ ಮಾತು ಕೇಳುವುದಿಲ್ಲ, ಯುದ್ಧದ ನಡುವೆ ಮಲಗಿಬಿಡುತ್ತದೆ.

ಶತ್ರುವೂ ಬೆಳೆದರೆ

ಎಷ್ಟು ಹೊತ್ತು ಬೇಕಾದರೂ ದುಡಿದು ಬಲಿಷ್ಠನಾಗಬಹುದು ಎಂದಾದರೆ ಮುಂದಿನ ಯುದ್ಧಗಳಿಗೆ ರುಚಿಯೇ ಇರದು. ಈ ತೊಡಕಿಗೆ ಬಂದ ಪರಿಹಾರಗಳಲ್ಲಿ ಬಹುಚರ್ಚಿತವಾದದ್ದು 1999ರ ‘ಫೈನಲ್ ಫ್ಯಾಂಟಸಿ 8’ರದು. ಅಲ್ಲಿ ಪ್ರತಿ 1,000 ಅಂಕಕ್ಕೆ ಒಂದು ಲೆವೆಲ್, ಮತ್ತು ಶತ್ರುಗಳ ಲೆವೆಲ್ ತಂಡದ ಸರಾಸರಿಯನ್ನು ಹಿಂಬಾಲಿಸುತ್ತದೆ. ನಿಜವಾದ ಬಲ ಬರುವುದು ಶತ್ರುಗಳಿಂದ ಸೆಳೆದ ಮಂತ್ರಗಳನ್ನು ಗುಣಾಂಕಗಳಿಗೆ ಜೋಡಿಸುವುದರಿಂದ. ಹೀಗಾಗಿ ಲೆವೆಲ್ ಏರಿಸಿಕೊಳ್ಳುವುದೇ ದಡ್ಡತನ ಎಂಬಂತಾಯಿತು: ಜಾಣರು ಶತ್ರುಗಳನ್ನು ಕೊಲ್ಲದೆ ಇಸ್ಪೀಟಿನಂಥ ಕಾರ್ಡುಗಳಾಗಿ ಮಾರ್ಪಡಿಸಿ, ಅನುಭವಾಂಕದಿಂದ ತಪ್ಪಿಸಿಕೊಂಡರು. ಹಳೆಯ ರೂಢಿಯಂತೆ ದುಡಿದವರಿಗೇ ಆಟ ಕಷ್ಟವಾಯಿತು. ಜಾಣ ವಿನ್ಯಾಸ ಹೌದು. ಆದರೆ ಹೊರಿ ಕೊಟ್ಟಿದ್ದ ಭರವಸೆಯನ್ನು ಹೇಳದೆ ಕೇಳದೆ ಹಿಂತೆಗೆದುಕೊಂಡದ್ದರಿಂದ ಹಲವರು ಇಂದಿಗೂ ಅದನ್ನು ಕ್ಷಮಿಸಿಲ್ಲ.

ಕೊನಾಮಿಯ ‘ಸುಯಿಕೊಡೆನ್’ (1995) ಇದಕ್ಕಿಂತ ಸದ್ದಿಲ್ಲದೆ ಅದೇ ಕೆಲಸ ಮಾಡಿತ್ತು. ಅಲ್ಲೂ ಲೆವೆಲ್‌ಗೆ 1,000 ಅಂಕ. ಆದರೆ ಸಿಗುವ ಅಂಕ ಶತ್ರುವಿಗೂ ಪಾತ್ರಕ್ಕೂ ಇರುವ ಲೆವೆಲ್ ಅಂತರದ ಮೇಲೆ ನಿಂತಿದೆ. ಹಿಂದುಳಿದವನು ನಾಲ್ಕಾರು ಯುದ್ಧಗಳಲ್ಲಿ ಉಳಿದವರ ಸಮಕ್ಕೆ ಬರುತ್ತಾನೆ, ಮುಂದೆ ಹೋದವನಿಗೆ ಪುಡಿಗಾಸೂ ಸಿಗುವುದಿಲ್ಲ. 108 ಮಂದಿಯನ್ನು ಸೇರಿಸಿಕೊಳ್ಳುವ ಆಟಕ್ಕೆ ಬೇರೆ ದಾರಿಯೂ ಇರಲಿಲ್ಲ. ಫಾಲ್ಕಾಮ್‌ನ ‘ಟ್ರೈಲ್ಸ್’ ಸರಣಿಯಲ್ಲೂ ಇದೇ ನೀತಿ. ‘ಕ್ರೋನೊ ಕ್ರಾಸ್’ನಲ್ಲಿ (1999) ನಿಜವಾದ ಏರಿಕೆ ಇರುವುದು ಬಾಸ್, ಅಂದರೆ ಘಟ್ಟದ ಕೊನೆಯ ದೊಡ್ಡ ಶತ್ರು, ಸೋತ ನಂತರ ಮಾತ್ರ.

ತಂತ್ರದ ಆಟಗಳಲ್ಲಿ ಲೆಕ್ಕ ಇನ್ನೂ ಬಿಗಿ. 1990ರಲ್ಲಿ ಶುರುವಾದ ‘ಫೈರ್ ಎಂಬ್ಲೆಮ್’ನಲ್ಲಿ 100 ಅಂಕಕ್ಕೆ ಲೆವೆಲ್ ಏರುತ್ತದೆ, ಆದರೆ ಬಲ ಏರುವುದೋ ಇಲ್ಲವೋ ಎಂಬುದನ್ನು ಪ್ರತಿ ಗುಣಕ್ಕೂ ಬೇರೆಬೇರೆಯಾಗಿ ಅದೃಷ್ಟ ತೀರ್ಮಾನಿಸುತ್ತದೆ. ಒಂದೇ ಸೈನಿಕ ಒಬ್ಬರ ಆಟದಲ್ಲಿ ಭೀಮ, ಇನ್ನೊಬ್ಬರದರಲ್ಲಿ ಉತ್ತರಕುಮಾರ. ಸತ್ತವರು ಮತ್ತೆ ಬರುವುದಿಲ್ಲವಾದ್ದರಿಂದ ಅಂಕ ಯಾರಿಗೆ ಹೋಗಬೇಕೆಂಬುದೇ ದೊಡ್ಡ ಚಿಂತೆ. ಮೊದಲ ಆಟದ ಹಿರಿಯ ಯೋಧ ಜೇಗನ್ ಆರಂಭದಲ್ಲಿ ಎಲ್ಲರಿಗಿಂತ ಬಲಿಷ್ಠ, ಬೆಳೆಯುವುದು ಮಾತ್ರ ಅತ್ಯಲ್ಪ. ಅವನು ಕೊಂದ ಪ್ರತಿ ಶತ್ರುವೂ ಎಳೆಯರ ಬಾಯಿಂದ ಕಸಿದ ತುತ್ತು. ಇಂಥ ಪಾತ್ರಗಳನ್ನು ಸರಣಿಯ ಅಭಿಮಾನಿಗಳು ಈಗಲೂ ಜೇಗನ್ ಎಂದೇ ಕರೆಯುತ್ತಾರೆ.

ಅಟ್ಲಸ್‌ನ ‘ಮೆಗಾಮಿ ಟೆನ್ಸೇ’ ಪರಂಪರೆಯಲ್ಲಿ ಭೂತಗಳನ್ನು ಮಾತಿನಿಂದ ಒಲಿಸಿಕೊಂಡು, ಎರಡನ್ನು ಬೆಸೆದು ಮೂರನೆಯದನ್ನು ಹುಟ್ಟಿಸಬೇಕು. ನಾಯಕನ ಲೆವೆಲ್ ಮೀರಿದ ಭೂತವನ್ನು ಬೆಸೆಯಲಾಗದು. ಲೆವೆಲ್ ಎಂದರೆ ಇಲ್ಲಿ ಬಲಕ್ಕಿಂತ ಹೆಚ್ಚಾಗಿ ಪರವಾನಗಿ. ಅದರ ಕವಲಾದ ‘ಪರ್ಸೋನಾ 3’ (2006) ಕ್ಯಾಲೆಂಡರನ್ನು ತಂದಿತು. ಸಹಪಾಠಿಗಳ ಜೊತೆ ಸ್ನೇಹ ಬೆಳೆಸಿದರೆ ಬೆಸೆದ ಹೊಸ ಪರ್ಸೋನಾಗಳಿಗೆ, ಅಂದರೆ ಇಲ್ಲಿಯ ಭೂತಗಳಿಗೆ, ಹೆಚ್ಚುವರಿ ಅನುಭವಾಂಕ ಸಿಗುತ್ತದೆ. ಸಂಜೆಗಳು ಎಣಿಕೆಯವು, ಹಾಗಾಗಿ ಎಲ್ಲವನ್ನೂ ಮಾಡಿ ಮುಗಿಸಲು ಆಗುವುದಿಲ್ಲ.

ಫೈನಲ್ ಫ್ಯಾಂಟಸಿಯಂತೂ ಪ್ರತಿ ಕಂತಿಗೂ ಹೊಸ ಲೆಕ್ಕಪುಸ್ತಕ ತೆರೆಯಿತು. ಐದರಲ್ಲಿ ವೃತ್ತಿಗಳಿಗೆ ಪ್ರತ್ಯೇಕ ಅಂಕ, ಏಳರಲ್ಲಿ ಆಯುಧಕ್ಕೆ ಕೂರಿಸುವ ಮಟೀರಿಯಾ ಹರಳುಗಳೇ ಬೆಳೆಯುತ್ತವೆ, ಹತ್ತರಲ್ಲಿ (2001) ಲೆವೆಲ್‌ನ ಜಾಗಕ್ಕೆ ಸ್ಫಿಯರ್ ಗ್ರಿಡ್ ಎಂಬ ದೊಡ್ಡ ಹಾಸು ಬಂತು, ಪಾತ್ರಗಳು ಅದರ ಮೇಲೆ ಮನೆ ಮನೆ ನಡೆದು ಬಲ ಹೆಕ್ಕಿಕೊಳ್ಳುತ್ತವೆ. ಆನ್‌ಲೈನ್ ಆಟವಾದ ಹನ್ನೊಂದರಲ್ಲಿ ಸತ್ತರೆ ಅನುಭವಾಂಕ ಕಳೆದು ಲೆವೆಲ್ಲೇ ಇಳಿಯಬಹುದಿತ್ತು. ಹದಿನೈದರಲ್ಲಿ (2016) ದಿನವಿಡೀ ಗಳಿಸಿದ್ದು ರಾತ್ರಿ ಮಲಗಿದಾಗ ಮಾತ್ರ ಖಾತೆಗೆ ಬೀಳುತ್ತದೆ. ಡೇರೆಯಲ್ಲಿ ಮಲಗಿದರೆ ಇದ್ದಷ್ಟೇ. ಗಾಲ್ಡಿನ್ ಕೀ ಎಂಬಲ್ಲಿಯ ದುಬಾರಿ ಹೋಟೆಲಿನಲ್ಲಿ ಮಲಗಿದರೆ ಎರಡು ಪಟ್ಟು.

ದುಡಿಮೆಯ ಬೆಲೆ

ಒಂದೇ ಜಾಗದಲ್ಲಿ ಸುತ್ತುತ್ತ ಶತ್ರುಗಳನ್ನು ಕೊಂದು ಲೆವೆಲ್ ಏರಿಸುವುದನ್ನು ಜಪಾನಿಯರು ‘ರೆಬೆರು ಅಗೆ’ ಎನ್ನುತ್ತಾರೆ, ಬೇರೆಡೆಯ ಆಟಗಾರರು ಗ್ರೈಂಡಿಂಗ್ ಎನ್ನುತ್ತಾರೆ. ಇದನ್ನು ಹಗುರ ಮಾಡುವ ಯತ್ನಗಳಿಗೂ ದೀರ್ಘ ಚರಿತ್ರೆಯಿದೆ. ‘ಮದರ್ 2’ (1994) ಆಟದಲ್ಲಿ ತೀರ ದುರ್ಬಲ ಶತ್ರು ಎದುರಾದರೆ ಯುದ್ಧವೇ ಇಲ್ಲದೆ ಗೆಲುವು ಸಿಗುತ್ತದೆ. ‘ಬ್ರೇವ್ಲಿ ಡಿಫಾಲ್ಟ್’ ಶತ್ರುಗಳು ಎಷ್ಟು ಸಲ ಎದುರಾಗಬೇಕೆಂಬುದನ್ನೇ ಆಟಗಾರನ ಕೈಗೆ ಕೊಟ್ಟಿತು; ಸೊನ್ನೆಗೆ ಇಳಿಸಬಹುದು, ಇಮ್ಮಡಿಗೆ ಏರಿಸಬಹುದು. ಇದಕ್ಕೆ ತೀರ ವಿರುದ್ಧವಾಗಿ ನಿಪ್ಪಾನ್ ಇಚಿಯ ‘ಡಿಸ್ಗಾಯಾ’ (2003) ದುಡಿಮೆಯನ್ನೇ ಹಬ್ಬ ಮಾಡಿತು. ಗರಿಷ್ಠ ಲೆವೆಲ್ 9,999. ಅಲ್ಲಿಗೆ ತಲುಪಿದವರು ಪುನರ್ಜನ್ಮ ಪಡೆದು ಒಂದರಿಂದ ಶುರು ಮಾಡಿ ಇನ್ನಷ್ಟು ಬಲಿಯಬಹುದು. ಪ್ರತಿ ವಸ್ತುವಿನ ಒಳಗೂ ಒಂದು ಲೋಕವಿದೆ, ಅದಕ್ಕೆ ಇಳಿದು ಕತ್ತಿಯ ಲೆವೆಲ್ ಏರಿಸಬಹುದು, ಬೇಕಾದರೆ ಚೂಯಿಂಗ್ ಗಮ್ಮಿನದೂ.

ಮೊಬೈಲ್ ಆಟಗಳು ಬಂದ ಮೇಲೆ ಅನುಭವಾಂಕ ವಸ್ತುವಾಯಿತು. ‘ಪಝಲ್ ಅಂಡ್ ಡ್ರ್ಯಾಗನ್ಸ್’ (2012) ಆಟದಲ್ಲಿ ಬೇಡದ ರಾಕ್ಷಸರನ್ನು ಬೇಕಾದವರಿಗೆ ಉಣಿಸಿ, ‘ಫೇಟ್/ಗ್ರ್ಯಾಂಡ್ ಆರ್ಡರ್’ನಲ್ಲಿ (2015) ಅನುಭವದ ಕಾರ್ಡುಗಳನ್ನು ತಿನ್ನಿಸಿ ಲೆವೆಲ್ ಏರಿಸುತ್ತಾರೆ. ಆಡಲು ಬೇಕಾದ ಕಸುವು ಗಂಟೆಗಳ ಲೆಕ್ಕದಲ್ಲಿ ತುಂಬುತ್ತದೆ. ಕಾಯಲಾಗದವರು ದುಡ್ಡು ಕೊಡುತ್ತಾರೆ. ಹೊತ್ತು ಕೊಟ್ಟು ಬಲ ಕೊಳ್ಳುವ ಹಳೆಯ ವ್ಯಾಪಾರಕ್ಕೆ ಹೀಗೆ ನಿಜವಾದ ಬೆಲೆಚೀಟಿ ಬಿತ್ತು.

ಹಳೆಯ ಆಟಗಳ ಮರುಮುದ್ರಣಗಳು ಇನ್ನೊಂದು ದಿಕ್ಕಿಗೆ ಹೋಗಿವೆ. 2023ರಲ್ಲಿ ಟಿವಿ ಯಂತ್ರಗಳಿಗೆ ಬಂದ ಫೈನಲ್ ಫ್ಯಾಂಟಸಿಯ ಮೊದಲ ಆರು ಕಂತುಗಳ ‘ಪಿಕ್ಸೆಲ್ ರಿಮಾಸ್ಟರ್’ನಲ್ಲಿ ಅನುಭವಾಂಕವನ್ನು ನಾಲ್ಕು ಪಟ್ಟು ಮಾಡಿಕೊಳ್ಳಬಹುದು, ಸೊನ್ನೆಯನ್ನೂ ಮಾಡಿಕೊಳ್ಳಬಹುದು. ಸೊನ್ನೆ ಯಾರಿಗೆ ಬೇಕು ಎಂದು ಕೇಳಬೇಕಿಲ್ಲ. ಅತಿ ಕಡಿಮೆ ಲೆವೆಲ್‌ನಲ್ಲಿ ಆಟ ಮುಗಿಸುವುದೇ ಒಂದು ಪಂಥವಾಗಿ ಬಹುಕಾಲದಿಂದ ನಡೆದುಬಂದಿದೆ. ‘ಫೈನಲ್ ಫ್ಯಾಂಟಸಿ 8’ರಲ್ಲಿ ಬಾಸ್‌ಗಳು ಅನುಭವಾಂಕ ಕೊಡುವುದಿಲ್ಲವಾದ್ದರಿಂದ ನಾಯಕ ಸ್ಕ್ವಾಲ್‌ನನ್ನು ಆರಂಭದ ಏಳನೇ ಲೆವೆಲ್‌ನಲ್ಲೇ ಉಳಿಸಿಕೊಂಡು ಕೊನೆ ಮುಟ್ಟಿದವರಿದ್ದಾರೆ, ಹತ್ತನೆಯ ಕಂತನ್ನು ಸ್ಫಿಯರ್ ಗ್ರಿಡ್‌ನ ಒಂದು ಮನೆಯನ್ನೂ ಬಳಸದೆ ಮುಗಿಸಿದವರೂ ಇದ್ದಾರೆ.